ಬಯಾಪ್ಸಿ ಚೂರಿಗೆ ಎರಡು ಸಹಿ

ರಾಯದುರ್ಗದವರಿಗೆ ಹೊಟ್ಟೆನೋವು ಬಿಡದೆ ಕಾಡಿದರೆ ಮೊದಲು ನೆನಪಾಗುವುದು ಬಳ್ಳಾರಿ. 1953ರ ಅಕ್ಟೋಬರ್ 1ರಂದು ತಾಲ್ಲೂಕು ಆಂಧ್ರಕ್ಕೆ ಸೇರಿತು, ಆಸ್ಪತ್ರೆಯ ದಾರಿ ಮಾತ್ರ ಬದಲಾಗಲಿಲ್ಲ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದಿಂದ ಬೆಂಗಳೂರಿಗೆ ಹೋಗುವವರೂ ಬಹಳ.

ಎಂಡೋಸ್ಕೋಪಿ ಮಾಡುವಾಗ ಜಠರದಿಂದಲೋ ಕರುಳಿನಿಂದಲೋ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆಯುತ್ತಾರೆ. ಅವನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬ್ಲಾಕ್ ಮಾಡಿ, ಸ್ಲೈಡ್ ನೋಡಿ ರಿಪೋರ್ಟ್ ಕೊಡುತ್ತಾರೆ. ಇಷ್ಟು ನಿಮ್ಮ ಚಿಕಿತ್ಸೆಗೆ. ಸಂಶೋಧನೆ ನಡೆಯುವ ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೊಂದೆರಡು ಚೂರು ಮಾದರಿ ಬ್ಯಾಂಕಿಗೆ ಹೋಗಬಹುದು. ಅಲ್ಲಿ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ, ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲೋ ದ್ರವ ಸಾರಜನಕದಲ್ಲೋ ವರ್ಷಗಟ್ಟಲೆ ಇಡುತ್ತಾರೆ. ಜಠರದ ಕ್ಯಾನ್ಸರ್, ಕರುಳಿನ ಉರಿಯೂತದಂಥ ರೋಗಗಳನ್ನು ಅರಿಯಲು ಬೇಕಾದಷ್ಟು ಮಾದರಿ ಒಂದೇ ಆಸ್ಪತ್ರೆಯಲ್ಲಿ ಸಿಗದು. ಆದ್ದರಿಂದ ಹಲವು ಸಂಸ್ಥೆಗಳು ಹಂಚಿಕೊಳ್ಳುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ಹೊಟ್ಟೆ, ಕರುಳಿನ ಮಾದರಿ ಬ್ಯಾಂಕಿನ ಕೆಲಸವೂ ಅಂಥದ್ದೇ. ಇಂಥ ಬ್ಯಾಂಕುಗಳು ಬೇಕು, ನಮ್ಮ ಕಡೆಯ ಜನರ ಮಾದರಿಯೂ ಅಲ್ಲಿರಬೇಕು. ಆದರೆ ತಿಳಿದು ಕೊಟ್ಟದ್ದಾಗಿರಬೇಕು.

ಎಂಡೋಸ್ಕೋಪಿಗೆ ಹಾಕಿದ ಸಹಿ ಸಂಶೋಧನೆಗೆ ಒಪ್ಪಿಗೆಯಲ್ಲ. ಒಂದು ಕೆಲಸಕ್ಕೆ ಪಡೆದ ಒಪ್ಪಿಗೆಯನ್ನು ಇನ್ನೊಂದಕ್ಕೆ ಎಳೆಯುವಂತಿಲ್ಲ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅದು ಶಸ್ತ್ರಚಿಕಿತ್ಸೆಯ ಪ್ರಕರಣ, ಆದರೂ ತತ್ವ ಇಲ್ಲಿಗೂ ಹೊಂದುತ್ತದೆ. ಮಾದರಿ ಬ್ಯಾಂಕುಗಳಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯೇ ಆಧಾರ. ಅದರ ಪ್ರಕಾರ ಮಾದರಿಯ ಒಡೆತನ ಕೊಟ್ಟವರದು, ಬ್ಯಾಂಕು ಅದನ್ನು ಕಾಯುವ ಧರ್ಮದರ್ಶಿ. ಪರೀಕ್ಷೆಯಾಗಿ ಉಳಿದ ಚೂರನ್ನು ಗುರುತು ಅಳಿಸಿ, ಹೊಸ ಸಹಿಯಿಲ್ಲದೆ ಬಳಸಲು ನೈತಿಕ ಸಮಿತಿ ಅನುಮತಿಸಬಹುದು. ಸಂಶೋಧಕರು ತಾವೇ ಹಾಗೆ ತೀರ್ಮಾನಿಸುವಂತಿಲ್ಲ.

ಗಡಿಯ ಜನ ಹೆಚ್ಚು ಎಚ್ಚರವಿರಬೇಕಾದದ್ದು ಭಾಷೆಯ ವಿಷಯದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಮಡಕಶಿರಾದ ಅಜ್ಜಿಗೆ ಅನಂತಪುರದಲ್ಲಿ ತೆಲುಗು ಫಾರಂ ಕೊಟ್ಟರೆ, ಮಾತು ತಿಳಿದರೂ ಬರಹ ತಿಳಿಯದೆ ಹೋಗಬಹುದು. ತೆಲುಗು ಮಾತ್ರ ಓದಬಲ್ಲ ರಾಯದುರ್ಗದ ಹುಡುಗನಿಗೆ ಬಳ್ಳಾರಿಯ ಕನ್ನಡ ಫಾರಂ ಹಾಗೆಯೇ. ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. “ಕನ್ನಡದ್ದು ಕೊಡಿ, ಮನೆಯವರ ಜೊತೆ ಮಾತಾಡಿ ಹೇಳ್ತೀನಿ” ಎನ್ನಲು ಹಿಂಜರಿಯಬೇಡಿ. ಓದು ಬಾರದವರಿಗೆ ಓದಿ ಹೇಳಬೇಕು, ಸಂಶೋಧನೆಗೆ ಸಂಬಂಧಿಸದ ಸಾಕ್ಷಿಯ ಎದುರೇ ಹೆಬ್ಬೆಟ್ಟು ಒತ್ತಿಸಬೇಕು. ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಸಹಿ ಮಾಡಿದರೂ, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು.

ಸಹಿ ಹಾಕುವ ಮುಂಚೆ ಕೇಳಿ: ಪರೀಕ್ಷೆಗೆ ಬೇಕಾದದ್ದಕ್ಕಿಂತ ಹೆಚ್ಚು ಚೂರು ತೆಗೆಯುತ್ತೀರಾ? ಈ ಒಂದು ಅಧ್ಯಯನಕ್ಕೋ, ಮುಂದಿನ ಯಾವ ಅಧ್ಯಯನಕ್ಕಾದರೂ ಬಳಸುತ್ತೀರೋ? ವಂಶವಾಹಿ ಪರೀಕ್ಷೆ ಇದೆಯೇ? ಬೇರೆ ಸಂಸ್ಥೆಗೆ, ಹೊರದೇಶಕ್ಕೆ ಕಳಿಸುತ್ತೀರಾ? ನನ್ನ ಆರೋಗ್ಯಕ್ಕೆ ಸಂಬಂಧಿಸಿದ್ದು ಕಂಡರೆ ತಿಳಿಸುತ್ತೀರಾ? ಬೇಡವೆಂದರೆ ಚಿಕಿತ್ಸೆಗೆ ತೊಂದರೆಯಾಗಬಾರದು. ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ದಾಖಲಾದವರಿಗೂ ಅಷ್ಟೇ. ಮಾದರಿಗೆ ಬೆಲೆ ಕಟ್ಟಿ ಕೊಳ್ಳುವಂತಿಲ್ಲ, ಓಡಾಟದ ಖರ್ಚು ಕೊಡಬಹುದು. ಫಾರಂನ ಪ್ರತಿ ಮನೆಗೆ ತನ್ನಿ. ಅದರಲ್ಲಿ ನೈತಿಕ ಸಮಿತಿಯ ಫೋನ್ ನಂಬರ್ ಇರಬೇಕು.

ಮನಸ್ಸು ಬದಲಾದರೆ ಒಪ್ಪಿಗೆಯನ್ನು ಬರಹದಲ್ಲಿ ಹಿಂದೆ ಪಡೆಯಿರಿ, ಕಾರಣ ಹೇಳಬೇಕಿಲ್ಲ. ಉಳಿದ ಮಾದರಿಯನ್ನು ನಾಶಮಾಡಲು ಕೇಳಬಹುದು. ಆಗಲೇ ಬಳಸಿದ್ದು ಮರಳದು. ಸಂಕೇತ ಸಂಖ್ಯೆಯ ಕೊಂಡಿಯನ್ನೂ ಅಳಿಸಿದ್ದರೆ ನಿಮ್ಮ ಚೂರು ಯಾವುದೆಂದು ಹುಡುಕುವುದೇ ಆಗದು.

ದೂರಿಗೆ ಮೊದಲ ಬಾಗಿಲು ನೈತಿಕ ಸಮಿತಿಯ ಸದಸ್ಯ ಕಾರ್ಯದರ್ಶಿ. ಸರ್ಕಾರಿ ಸಂಸ್ಥೆಯಾದರೆ ಸಮಿತಿಯ ನೋಂದಣಿ, ಬ್ಯಾಂಕಿನ ನಿಯಮಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ: ಬಳ್ಳಾರಿಯ ಆಸ್ಪತ್ರೆಗೆ ಆಂಧ್ರದವರೂ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾಗಿದ್ದರೆ, ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಊರು ಯಾವ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೋ ಅಲ್ಲೇ ದೂರು ಕೊಡಬಹುದು.