ಬಾವಿಗೆ ಇಳಿಯದ ಶಾಸಕನ ಮಾತು

ಬೆಳಗಾವಿ ಅಧಿವೇಶನ ಇನ್ನೂ ಮುಗಿದಿಲ್ಲ. ಆದರೂ ಕಳೆದ ವಾರ ನಡೆದದ್ದನ್ನು ಕ್ಷೇತ್ರದ ಜನರಿಗೆ ಈಗಲೇ ತಿಳಿಸಬೇಕಾಗಿದೆ. ‘ಎಲ್ಲರೂ ಸದನದ ಬಾವಿಗೆ ಇಳಿದು ಕೂಗುವಾಗ ನೀವೊಬ್ಬರೇ ಯಾಕೆ ಕೂತಿದ್ದಿರಿ?’ ಎಂದು ಕೇಳುವ ಫೋನುಗಳು ನಿಂತಿಲ್ಲ. ನನ್ನ ಒಡಹುಟ್ಟಿದ ತಮ್ಮನೇ, ‘ಟಿವ್ಯಾಗ ನಿನ್ನ ಮಾರಿ ಒಮ್ಮೆನೂ ಬರಲಿಲ್ಲ, ನಾಳೆ ಮಂದಿಗೆ ಏನ್ ಹೇಳೂದು?’ ಅಂದ. ಅವತ್ತಿನಿಂದ ಅವನ ಜೊತೆ ಸರಿಯಾಗಿ ಮಾತಾಡಿಲ್ಲ. ಟಿವಿಯಲ್ಲಿ ಮುಖ ಕಾಣಲೆಂದು ನೀವು ನನಗೆ ಓಟು ಹಾಕಿಲ್ಲ.

224 ಸದಸ್ಯರ ಸದನದಲ್ಲಿ ನಮ್ಮ ಪಕ್ಷದ್ದು ಬೆರಳೆಣಿಕೆಯ ಬಲ. ಮಾತಿನ ಸಮಯ ಹಂಚುವುದು ಆ ಬಲ ನೋಡಿಯೇ. ದೊಡ್ಡ ಪಕ್ಷಗಳ ನಾಯಕರು ಮಾತು ಮುಗಿಸುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ನಮ್ಮಂಥವರಿಗೆ ಮಂತ್ರಿಯನ್ನು ಎಬ್ಬಿಸಿ ನಿಲ್ಲಿಸುವ ಗಟ್ಟಿ ದಾರಿ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಸದನದಲ್ಲೇ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಿ ಬೆನ್ನು ಹತ್ತಬಹುದು. ಚುಕ್ಕೆ ಇಲ್ಲದಿದ್ದರೆ ಕೈಗೊಂದು ಕಾಗದ ಬರುತ್ತದೆ, ಅಷ್ಟೇ. ಆ ದಿನ ನನ್ನ ಪ್ರಶ್ನೆ ಚುಕ್ಕೆ ಪಟ್ಟಿಯ ಮೇಲ್ಭಾಗದಲ್ಲೇ ಬಂದಿತ್ತು.

ಪ್ರಶ್ನೆ ಯಾವುದೆಂದು ನಿಮಗೆ ಗೊತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನಲ್ಲಿ ಇವತ್ತು ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ ಹೇಳಿತು. ಅಂದಿನಿಂದ ಸದನದಲ್ಲಿ ಎಲ್ಲರ ಮಾತೂ ಆ ಎತ್ತರದ ಬಗ್ಗೆ, ಮುಂದೆ ಮುಳುಗುವ ಹೊಲದ ಬಗ್ಗೆ. ನಾನು ಕೇಳಿದ್ದು ಆಗಲೇ ಮುಳುಗಿ ಎದ್ದುಬಂದವರ ಬಗ್ಗೆ. ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನೂ ಕಂಡವರಿಗೆ ಆ ಜಾಗದ ಹಕ್ಕುಪತ್ರ ಯಾವ ತಾರೀಖಿಗೆ ಕೊಡುತ್ತೀರಿ? ಹಕ್ಕುಪತ್ರ ಇಲ್ಲದವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಅಪ್ಪ ತೀರಿಕೊಂಡರೆ ಮಗನ ಹೆಸರಿಗೆ ಮನೆ ಏರುವುದಿಲ್ಲ.

ಸುವರ್ಣಸೌಧದಲ್ಲಿ ಕಲಾಪ ಶುರುವಾಯಿತು. ಸಭಾಧ್ಯಕ್ಷರು ಪ್ರಶ್ನೋತ್ತರ ಎನ್ನುವಷ್ಟರಲ್ಲಿ ದೊಡ್ಡ ವಿರೋಧ ಪಕ್ಷದವರು ಎದ್ದರು. ಮುಳುಗಡೆಯವರ ವಿಷಯಕ್ಕೆ ನಿಯಮ 60ರ ಅಡಿ ನಿಲುವಳಿ ಸೂಚನೆ ಕೊಟ್ಟಿದ್ದೇವೆ, ಮೊದಲು ಅದನ್ನೇ ಎತ್ತಿಕೊಳ್ಳಿ ಎಂದರು. ಪ್ರಶ್ನೋತ್ತರ ಮುಗಿಯಲಿ, ನಿಯಮ 69ಕ್ಕೆ ಬದಲಿಸಿ ಚರ್ಚೆಗೆ ಅವಕಾಶ ಕೊಡುತ್ತೇನೆ ಎಂದು ಸಭಾಧ್ಯಕ್ಷರು ಹೇಳಿದರು. ವಿರೋಧ ಪಕ್ಷದವರು ಒಪ್ಪಲಿಲ್ಲ. ಒಬ್ಬೊಬ್ಬರಾಗಿ ಬಾವಿಗೆ ಇಳಿದರು. ಭಿತ್ತಿಪತ್ರಗಳು ಮೇಲೆದ್ದವು. ಆಡಳಿತ ಪಕ್ಷದ ಬೆಂಚುಗಳಿಂದಲೂ ಕೂಗು ಶುರುವಾಯಿತು. ಅವರಿಗೂ ಉತ್ತರ ಹೇಳುವ ಕಷ್ಟ ತಪ್ಪುತ್ತಿತ್ತು.

ನನ್ನ ಪ್ರಶ್ನೆಗೆ ಮೊದಲಿನ ಪ್ರಶ್ನೆ ಬಂತು. ಮಂತ್ರಿಗಳು ‘ಉತ್ತರ ಒದಗಿಸಿದೆ’ ಅಂದರು. ನಾನು ಕಾಗದ ಹಿಡಿದು ಎದ್ದು ನಿಂತೆ. ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದರೂ ಸಭಾಧ್ಯಕ್ಷರ ಮಾತು ಕೇಳಿಸುತ್ತಿರಲಿಲ್ಲ. ನನ್ನ ಹೆಸರು ಕರೆದರೋ ಇಲ್ಲವೋ ಎಂದು ಅವರ ತುಟಿ ನೋಡುತ್ತ ನಿಂತಿದ್ದೆ. ಪಕ್ಕದ ಸದಸ್ಯರು ನನ್ನ ತೋಳು ಹಿಡಿದು, ‘ಬರ್ರಿ, ಕೆಳಗ ಹೋಗೂಣು’ ಅಂದರು. ನಾನು ಕೈ ಬಿಡಿಸಿಕೊಂಡೆ. ಇಳಿದಿದ್ದರೆ ನನ್ನ ಪ್ರಶ್ನೆಯನ್ನು ನಾನೇ ಕೈಬಿಟ್ಟಂತೆ. ಅಷ್ಟರಲ್ಲಿ ಸಭಾಧ್ಯಕ್ಷರು ಎದ್ದರು, ಸದನ ಮುಂದೂಡಿದರು. ಮತ್ತೆ ಸೇರಿದಾಗ ಪ್ರಶ್ನೋತ್ತರದ ಹೊತ್ತು ಮುಗಿದಿತ್ತು. ಉಳಿದ ಪ್ರಶ್ನೆಗಳ ಉತ್ತರಗಳನ್ನು ಮಂಡಿಸಲಾಗಿದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಮಧ್ಯಾಹ್ನ ಅದೇ ಗದ್ದಲದಲ್ಲಿ ವಿಧೇಯಕಗಳು ಧ್ವನಿಮತದಿಂದ ಪಾಸಾದವು. ಅವುಗಳಲ್ಲಿ ಏನಿದೆಯೆಂದು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ.

ನನ್ನ ಕೈಗೆ ಬಂದ ಉತ್ತರ ಓದಿ ಮೈ ಉರಿಯಿತು. ‘ಪ್ರಸ್ತಾವನೆಯು ಪರಿಶೀಲನೆಯಲ್ಲಿರುತ್ತದೆ.’ ಎಷ್ಟು ಕುಟುಂಬಗಳೆಂದು ಕೇಳಿದ್ದಕ್ಕೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’. ಇದನ್ನು ಬರೆದವರು ಮಂತ್ರಿಯಲ್ಲ. ಒಬ್ಬ ಅಧಿಕಾರಿ ಕೂತು ಬರೆದದ್ದು. ಅವರ ಹೆಸರು ಇಲ್ಲಿ ಬೇಡ. ನಿಮ್ಮಲ್ಲಿ ಹಲವರು ಅವರ ಕೋಣೆಯ ಮುಂದೆ ಬೆಂಚಿನ ಮೇಲೆ ಕಾದವರು, ಅರ್ಜಿಯ ಮೇಲೆ ಅವರ ಕಚೇರಿಯ ಸೀಲು ಇರುವವರು. ಮನೆ ಮನೆಯ ಪಟ್ಟಿ ಆ ಕಚೇರಿಯ ಕಪಾಟಿನಲ್ಲೇ ಇದೆ. ನಾನು ಕಣ್ಣಾರೆ ನೋಡಿದ್ದೇನೆ. ಅದಿದ್ದೂ ಸದನಕ್ಕೆ ಹೀಗೆ ಬರೆದುಕೊಟ್ಟದ್ದನ್ನು ನಾನು ಕ್ಷಮಿಸಲಾರೆ.

ಸಂಜೆ ಕೊಂಡಸಕೊಪ್ಪದ ಧರಣಿ ಜಾಗಕ್ಕೆ ಹೋದೆ. ನಮ್ಮ ಪುನರ್ವಸತಿ ಕೇಂದ್ರದವರು ಶಾಮಿಯಾನದ ಕೆಳಗೆ ಚಳಿಯಲ್ಲಿ ಕೂತಿದ್ದರು. ಏನಾಯಿತೆಂದು ಹೇಳುವ ಮೊದಲೇ ಒಬ್ಬ ಅಜ್ಜಿ ಕೇಳಿದರು: ‘ಊರು ನೀರಾಗ ಹೋತು, ಅದು ಗೊತ್ತೈತಿ. ಹಕ್ಕುಪತ್ರ ಎಲ್ಲಿ ಹೋತ್ರಿ?’ ನನ್ನಲ್ಲಿ ಉತ್ತರ ಇರಲಿಲ್ಲ. ಇಲಾಖೆ ಕೊಟ್ಟ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ. ಹುಡುಗರು ಸಿಟ್ಟಿಗೆದ್ದರು, ಕೆಲವರು ನನ್ನ ಮೇಲೂ. ಸದನದಲ್ಲಿ ಕೂಗಿದವರು ಇವರ ಹೆಸರಿನಲ್ಲೇ ಕೂಗಿದ್ದರು. ಆದರೆ ಆ ಕೂಗಿನಲ್ಲಿ ಇವರ ಪ್ರಶ್ನೆಯೇ ಸತ್ತಿತ್ತು.

ಮುಂದೆ ಉತ್ತರ ಕರ್ನಾಟಕದ ಚರ್ಚೆಯಲ್ಲಿ ನನಗೆ ಮಾತು ಸಿಕ್ಕಿದ್ದು ರಾತ್ರಿ. ಬೆಂಚುಗಳು ಅರ್ಧ ಖಾಲಿ, ಕ್ಯಾಮೆರಾದವರು ಹೊರಟುಹೋಗಿದ್ದರು. ನಾನು ಭಾಷಣ ಮಾಡಲಿಲ್ಲ. ಆ ಲಿಖಿತ ಉತ್ತರ ಓದಿ, ಪಟ್ಟಿ ಯಾವ ಕಚೇರಿಯಲ್ಲಿದೆಯೆಂದು ಹೇಳಿ, ‘ತಾರೀಖು ಹೇಳಿ’ ಎಂದೆ. ಮಂತ್ರಿಗಳು ಸುತ್ತಿ ಬಳಸಿ ಮಾತಾಡಿದರು. ಮತ್ತೆ ಎದ್ದು ಅದನ್ನೇ ಕೇಳಿದೆ. ಕೊನೆಗೆ, ಬಜೆಟ್ ಅಧಿವೇಶನದೊಳಗೆ ಸರ್ವೆ ಮುಗಿಸಿ ಹಕ್ಕುಪತ್ರ ಕೊಡಲು ಶುರು ಮಾಡುತ್ತೇವೆ ಅಂದರು. ಈ ಮಾತು ಕಡತಕ್ಕೆ ಹೋಗಿದೆ. ಮಂತ್ರಿ ಸದನದಲ್ಲಿ ಕೊಟ್ಟ ಭರವಸೆ ಈಡೇರದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಈ ಅಧಿವೇಶನದಲ್ಲಿ ನಾನು ನಿಮಗಾಗಿ ಗಳಿಸಿದ್ದು ಇದು. ಕೂತಿದ್ದಕ್ಕೇ, ಕಾದದ್ದಕ್ಕೇ ಇದು ಸಿಕ್ಕಿತು ಎಂದು ನಾನು ನಂಬುತ್ತೇನೆ.

ಇನ್ನು ನೀವು ಮಾಡಬೇಕಾದದ್ದು. ನನ್ನ ಬಳಿ ಬರುವಾಗ ಹತ್ತು ಬೇಡಿಕೆಯ ಮನವಿ ತರಬೇಡಿ, ಒಂದೇ ಬೇಡಿಕೆ ತನ್ನಿ. ಅದರ ಜೊತೆ ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ, ಸರ್ವೆ ನಂಬರು, ನಿವೇಶನದ ಸಂಖ್ಯೆ ಇರಲಿ. ಪ್ರಶ್ನೆಗಳನ್ನು ಅಧಿವೇಶನಕ್ಕೆ ಬಹಳ ಮೊದಲೇ ಕೊಡಬೇಕಾಗುತ್ತದೆ. ಅಧಿವೇಶನ ಶುರುವಾದ ಮೇಲೆ ತಂದರೆ ತಡವಾಗಿರುತ್ತದೆ. ಮಂತ್ರಿಯ ಉತ್ತರದ ಪ್ರತಿ ನನ್ನ ಕಚೇರಿಯಲ್ಲಿ ಸಿಗುತ್ತದೆ. ತಾಲೂಕು ಕಚೇರಿಗೆ ಹೋಗುವಾಗ ಅದನ್ನು ಹಿಡಿದುಕೊಂಡು ಹೋಗಿ. ಅಲ್ಲಿನವರು ನಿಮ್ಮ ಮಾತು ಕೇಳದಿದ್ದರೂ ಆ ಕಾಗದ ಓದುತ್ತಾರೆ.

ಫೆಬ್ರುವರಿ ಕೊನೆಯೊಳಗೆ ನಿಮ್ಮ ಕೇಂದ್ರಕ್ಕೆ ಸರ್ವೆಯವರು ಬರದಿದ್ದರೆ ಮನೆಗೊಂದು ಕಾಗದದಲ್ಲಿ ಹಾಗೆಂದು ಬರೆದು ಸಹಿ ಮಾಡಿಕೊಡಿ. ಬಜೆಟ್ ಅಧಿವೇಶನಕ್ಕೆ ನಾನು ಕೊಡುವ ಮೊದಲ ಪ್ರಶ್ನೆ ಇದೇ. ಆಗಲೂ ಯಾರು ಎಷ್ಟೇ ಕೂಗಲಿ, ನಾನು ನನ್ನ ಜಾಗ ಬಿಟ್ಟು ಕದಲುವುದಿಲ್ಲ.