ಆರೋಗ್ಯ ಪ್ರಶ್ನೋತ್ತರ: ಬಂದವರನ್ನು ಎಲ್ಲಿ ಉಣ್ಣಿಸೋಣ?

2021ರ ಜುಲೈ 5ರಿಂದ ಕರ್ನಾಟಕದಲ್ಲಿ ಕೋವಿಡ್ ನಿರ್ಬಂಧಗಳು ಬಹುಮಟ್ಟಿಗೆ ಸಡಿಲಗೊಂಡು, ರಾತ್ರಿ ಒಂಬತ್ತರ ತನಕ ಹೋಟೆಲು ಖಾನಾವಳಿಗಳು ತೆರೆದಿರಬಹುದೆಂಬ ಅಪ್ಪಣೆ ಹೊರಟ ಮೇಲೆ, ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಯಿತು. ಮೇ ತಿಂಗಳಲ್ಲಿ ಆಸ್ಪತ್ರೆಯ ಹಾಸಿಗೆ ಎಲ್ಲಿ ಸಿಕ್ಕೀತು, ಆಮ್ಲಜನಕ ಎಲ್ಲಿ ದೊರೆತೀತು ಎಂದು ಕೇಳುತ್ತಿದ್ದ ಓದುಗರು ಜುಲೈಯಲ್ಲಿ ಅತಿಥಿಗಳಿಗೆ ಊಟ ಎಲ್ಲಿ ಹಾಕಿಸೋಣ ಎಂದು ಕೇಳತೊಡಗಿದರು. ವೈದ್ಯನಾದವನಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಇರಲಾರದು. ಒಂದೇ ಬಗೆಯ ಅನೇಕ ಪತ್ರಗಳಲ್ಲಿ ನಾಲ್ಕನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರ ಸಾಹೇಬರಿಗೆ ನಮಸ್ಕಾರಗಳು. ಮಗಳ ಲಗ್ನವು ಕಳೆದ ವರ್ಷ ಮನೆಯ ಮಟ್ಟಿಗೆ ನಡೆದುದರಿಂದ ಬೀಗರಿಗೆ ಮನದಣಿಯೆ ಒಂದು ಊಟ ಹಾಕಲಾಗಲಿಲ್ಲ. ಈ ತಿಂಗಳು ಪುಣೆಯಿಂದ ಅವರ ಪೈಕಿ ಐದು ಮಂದಿ ಬರುವವರಿದ್ದಾರೆ. ಏಸಿ ಹಾಲಿರುವ ದೊಡ್ಡ ಹೋಟೆಲಿಗೇ ಕರೆದೊಯ್ಯಬೇಕು, ಇಲ್ಲವಾದರೆ ಮರ್ಯಾದೆಯಲ್ಲ ಎಂಬುದು ಮಗನ ಹಟ. ಹಳೆಯ ಖಾನಾವಳಿಯೇ ಸಾಕೆಂಬುದು ನನ್ನ ಮತ. ನನಗೆ 68 ವರ್ಷ, ಸಕ್ಕರೆ ರೋಗವುಂಟು, ಲಸಿಕೆಯ ಎರಡೂ ಡೋಸು ಆಗಿವೆ. ಮನೆಯವರಿಗೆ ಕೋವಿಶೀಲ್ಡಿನ ಒಂದೇ ಡೋಸು ಆಗಿದೆ. ಏನು ಮಾಡೋಣ?
(ನಿವೃತ್ತ ಶಿಕ್ಷಕರು, ನವನಗರ, ಬಾಗಲಕೋಟೆ)

ಉತ್ತರ: ತಂದೆಮಕ್ಕಳ ಈ ವಾದವೆಲ್ಲ ಹೋಟೆಲಿನ ಅಂತಸ್ತನ್ನು ಕುರಿತದ್ದಾಗಿದೆ, ಅಲ್ಲಿ ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಇಬ್ಬರಲ್ಲೊಬ್ಬರೂ ವಿಚಾರಿಸಿದಂತೆ ಕಾಣುವುದಿಲ್ಲ. ಈ ರೋಗದ ಆರಂಭಕಾಲದಲ್ಲಿ ನಾವು ವೈದ್ಯರೆಲ್ಲರೂ ಕೈತೊಳೆಯುವುದನ್ನೂ ಮೇಜು ಒರೆಸುವುದನ್ನೂ ಜಪದಂತೆ ಹೇಳಿದೆವು. ಅದರಿಂದ ಕೆಡುಕೇನೂ ಆಗಲಿಲ್ಲ, ಆದರೆ ವೈರಾಣುವು ಮುಖ್ಯವಾಗಿ ಉಸಿರಿನ ಸೂಕ್ಷ್ಮ ಕಣಗಳನ್ನೇರಿ, ಮುಚ್ಚಿದ ಕೋಣೆಯಲ್ಲಿ ಹಚ್ಚಿಟ್ಟ ಊದುಬತ್ತಿಯ ಹೊಗೆಯಂತೆ ಬಹಳ ಹೊತ್ತು ತೇಲಾಡಿಕೊಂಡಿರಬಲ್ಲದೆಂಬ ಸಂಗತಿ ಬರಬರುತ್ತ ಸ್ಪಷ್ಟವಾಯಿತು, ವಿಶ್ವ ಆರೋಗ್ಯ ಸಂಸ್ಥೆಯೂ 2021ರ ಏಪ್ರಿಲ್ ಕೊನೆಯಲ್ಲಿ ತನ್ನ ಪ್ರಶ್ನೋತ್ತರಗಳನ್ನು ತಿದ್ದಿ ಇದನ್ನು ಹೇಳಿತು.

ಊಟದ ಮನೆಗೇ ಸಂಬಂಧಪಟ್ಟ ನಿದರ್ಶನವೊಂದುಂಟು. 2020ರ ಜನವರಿ 24ರಂದು ಚೀನಾದ ಗ್ವಾಂಗ್‌ಝೌ ನಗರದ ಒಂದು ಉಪಾಹಾರಗೃಹದಲ್ಲಿ, ಕಿಟಕಿಗಳಿಲ್ಲದ ಮಹಡಿಯೊಂದರಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಮೂರು ಕುಟುಂಬಗಳು ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟಕ್ಕೆ ಕುಳಿತಿದ್ದವು. ಅವುಗಳಲ್ಲಿ ಒಂದು ವೂಹಾನಿನಿಂದ ಬಂದದ್ದು. ಮೇಜುಗಳ ನಡುವೆ ಸುಮಾರು ಒಂದು ಮೀಟರಿನ ಅಂತರವಿತ್ತು. ಹೊರಕ್ಕೆ ಗಾಳಿ ನೂಕುವ ಪಂಖಗಳು ನಿಂತಿದ್ದವು. ಹವಾನಿಯಂತ್ರಣ ಯಂತ್ರವು ಇದ್ದ ಗಾಳಿಯನ್ನೇ ಆ ಮೂರು ಮೇಜುಗಳ ಮೇಲೆ ಸುತ್ತಿ ಸುತ್ತಿ ಬೀಸುತ್ತಿತ್ತು. ಮೂರೂ ಕುಟುಂಬಗಳಿಂದ ಒಟ್ಟು ಹತ್ತು ಜನರಿಗೆ ರೋಗ ಕಾಣಿಸಿಕೊಂಡಿತು. ಬಡಿಸಲು ಓಡಾಡಿದ ಮಾಣಿಗಳಿಗೂ ಗಾಳಿಯ ಆ ಸುಳಿಯಿಂದ ಹೊರಗೆ ಕುಳಿತಿದ್ದವರಿಗೂ ಬರಲಿಲ್ಲ. ಹೀಗಿರಲಾಗಿ, ಕಿಟಕಿ ಮುಚ್ಚಿ ತಂಪು ಮಾಡಿದ ಹಾಲಿನಲ್ಲಿ ಬೀಗರನ್ನು ಕೂಡಿಸುವುದೇ ಮರ್ಯಾದೆಯೆಂಬ ಮಗನ ಮಾತನ್ನು ನಾನು ಒಪ್ಪಲಾರೆನು. 2021ರ ಜೂನ್ 21ರಂದು ನಮ್ಮ ಬಾಗಲಕೋಟೆ ಜಿಲ್ಲೆಯೂ ಸೇರಿದಂತೆ ಹದಿನಾರು ಜಿಲ್ಲೆಗಳಲ್ಲಿ ಹೋಟೆಲುಗಳನ್ನು ಮೊದಲು ತೆರೆದಾಗ, ಅರ್ಧದಷ್ಟು ಆಸನಗಳು, ಸಂಜೆ ಐದರ ಗಡುವು, ಅದರೊಡನೆ ಏಸಿ ಕೂಡದು ಎಂದು ಸರ್ಕಾರ ವಿಧಿಸಿದ್ದುದನ್ನು ಅವರಿಗೆ ನೆನಪಿಸಿರಿ. ಗಡುವು ಬದಲಾಗಿದೆ, ಗಾಳಿಯ ಧರ್ಮ ಬದಲಾಗಿಲ್ಲ.

ಅಷ್ಟಕ್ಕೇ ತಮ್ಮ ಪಕ್ಷ ಗೆದ್ದಿತೆಂದು ತಿಳಿಯಬಾರದು. ಹಳೆಯದೆಂಬ ಮಾತ್ರಕ್ಕೆ ಖಾನಾವಳಿ ನಿರಪಾಯವಾಗದು. ನಮ್ಮ ಪೇಟೆಯ ಎಷ್ಟೋ ಖಾನಾವಳಿಗಳು ಮುಂದೊಂದು ಬಾಗಿಲು, ಹಿಂದೆ ಒಲೆ, ನಡುವೆ ಮೊಣಕೈಗೆ ಮೊಣಕೈ ತಾಗುವ ಬೆಂಚು ಎಂಬಂತಿರುವುದನ್ನು ತಾವೂ ಬಲ್ಲಿರಿ. ಹಿಂದಿನ ದಿನವೇ ಒಮ್ಮೆ ಹೋಗಿ ನೋಡಿರಿ. ಎದುರುಬದುರಾಗಿ ಕಿಟಕಿಯೋ ಬಾಗಿಲೋ ತೆರೆದಿರುವ, ಒಳಗಿನ ಒಗ್ಗರಣೆಯ ಘಾಟು ಕಣ್ಣಿಗೆ ಹತ್ತದೆ ಹೊರಟುಹೋಗುವ ಸ್ಥಳವು ತಕ್ಕದ್ದು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮುತ್ತ ಕುಳಿತಿರುವ ಸ್ಥಳದಲ್ಲಿ ಉಸಿರೂ ಹಾಗೆಯೇ ನಿಂತಿರುತ್ತದೆಂದು ತಿಳಿಯತಕ್ಕದ್ದು. ನಡುಮಧ್ಯಾಹ್ನದ ಗದ್ದಲಕ್ಕೆ ಮುಂಚೆ, ಹನ್ನೆರಡರ ಸುಮಾರಿಗೆ ಹೋಗಿ, ಬಾಗಿಲ ಬಳಿಯ ಮೇಜು ಹಿಡಿದು, ಉಂಡ ಮೇಲೆ ಎಲೆಯಡಿಕೆಯ ಹರಟೆಯನ್ನು ಹೊರಗೆ ಇಟ್ಟುಕೊಳ್ಳಿರಿ. ಉಣ್ಣುವಾಗ ಮಾಸ್ಕು ತೆಗೆಯಲೇಬೇಕು, ಬೀಗರು ಕೂಡಿದಲ್ಲಿ ದನಿ ಏರಲೇಬೇಕು. ಎರಡೂ ಅನಿವಾರ್ಯವಾದ ಕಾರಣ ಕಾಲವನ್ನಾದರೂ ಮೊಟಕುಮಾಡುವುದು ಲೇಸು.

ಇನ್ನು ತಮ್ಮ ಮನೆಯವರ ವಿಚಾರ. 2021ರಲ್ಲಿ ಹಬ್ಬಿದ ಡೆಲ್ಟಾ ತಳಿಯ ಎದುರು ಒಂದೇ ಡೋಸು ರೋಗಲಕ್ಷಣಗಳನ್ನು ತಡೆಯುವುದು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು, ಎರಡು ಡೋಸುಗಳಾದರೆ ಶೇಕಡಾ 60ರಷ್ಟು ಎಂದು ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಲೆಕ್ಕ ಹೇಳುತ್ತದೆ. ಅಲ್ಲಿಯ ಆಸ್ಟ್ರಾಜೆನೆಕಾ ಲಸಿಕೆಯೇ ನಮ್ಮಲ್ಲಿಯ ಕೋವಿಶೀಲ್ಡು. ಎರಡನೆಯ ಡೋಸಿಗೆ 2021ರ ಜುಲೈಯಲ್ಲಿ 12ರಿಂದ 16 ವಾರಗಳ ಅಂತರ ವಿಧಿಸಿದ್ದುದರಿಂದ, ಅದಾಗಿ ಎರಡು ವಾರ ಕಳೆಯುವ ತನಕ ಅವರು ಹೋಟೆಲಿನೊಳಗೆ ಕೂರದಿರುವುದು ಒಳ್ಳೆಯದು. ಆಗಿನ ನಿಯಮದಂತೆ ಬೀಗರು ರಾಜ್ಯದ ಗಡಿಯಲ್ಲಿ ತೋರಿಸಲೆಂದು ತರುವ ಆರ್‌ಟಿ-ಪಿಸಿಆರ್ ಚೀಟಿಯನ್ನು ಕಂಡು ಮೈಮರೆಯಬಾರದು. ಅದು ಗಂಟಲಿನ ಮಾದರಿ ಕೊಟ್ಟ ದಿನದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಮುಂದಿನ ದಿನಗಳದ್ದನ್ನಲ್ಲ. ನನ್ನನ್ನು ಕೇಳಿದರೆ, ಖಾನಾವಳಿಯಿಂದ ಅಡುಗೆ ತರಿಸಿ, ತಮ್ಮ ಮನೆಯ ಮಾಳಿಗೆಯ ಮೇಲೆ ಜಮಖಾನ ಹಾಸಿ, ಸಂಜೆಯ ಆಷಾಢದ ಗಾಳಿಯಲ್ಲಿ ಎಲ್ಲರನ್ನೂ ಕೂಡಿಸುವೆನು. ಪುಣೆಯ ಫ್ಲಾಟಿನಲ್ಲಿರುವವರಿಗೆ ಅದೇ ದೊಡ್ಡ ಸತ್ಕಾರವಾದೀತು, ಮಗನಿಗೂ ಬಿಲ್ಲಿನ ಭಾರ ಇಳಿದೀತು.

ಪ್ರಶ್ನೆ: ಬೆಂಗಳೂರಿನಿಂದ ಕಾಲೇಜಿನ ಗೆಳತಿಯರು ಗುಹೆಗಳನ್ನು ನೋಡಲು ಬರುತ್ತಿದ್ದಾರೆ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳ ಕೈಯಿಂದ ರೊಟ್ಟಿ ಊಟ ಮಾಡಿಸಬೇಕೆಂದು ನನಗೆ ಆಸೆ. ಅವರಲ್ಲಿ ಒಬ್ಬಳು ಐದು ತಿಂಗಳ ಗರ್ಭಿಣಿ. ಬಯಲಿನ ಊಟ ಸರಿಹೋದೀತೇ, ಹೊಟ್ಟೆ ಕೆಟ್ಟೀತೇ?
(ಓದುಗರು, ಬಾದಾಮಿ)

ಉತ್ತರ: ಪುರಾತತ್ತ್ವ ಇಲಾಖೆಯ ಸ್ಮಾರಕಗಳನ್ನು 2021ರ ಜೂನ್ 16ರಿಂದ ಮತ್ತೆ ತೆರೆಯುವ ಅಪ್ಪಣೆಯಾದ ಮೇಲೆ ಬಾದಾಮಿಗೆ ಬರುವವರೆಲ್ಲರೂ ಇಂಥದೇ ಪ್ರಶ್ನೆಯನ್ನು ಕೇಳಬೇಕಾಗಿದ್ದಿತು, ಕೇಳಿದವರು ತಾವೊಬ್ಬರೇ. ಶ್ವಾಸಕೋಶದ ದೃಷ್ಟಿಯಿಂದ ಹೇಳುವುದಾದರೆ, ಹರಿದ್ರಾತೀರ್ಥದ ಆಸುಪಾಸಿನಲ್ಲಿ, ಗಿಡದ ನೆರಳಿನಲ್ಲಿ, ನಾಲ್ಕೂ ದಿಕ್ಕಿನಿಂದ ಗಾಳಿ ಬೀಸುವ ಬಯಲಿನಲ್ಲಿ ಕುಳಿತು ಉಣ್ಣುವ ಆ ಊಟಕ್ಕೆ ಸರಿಸಾಟಿಯಾದ ಭೋಜನಶಾಲೆ ಜಿಲ್ಲೆಯಲ್ಲೇ ಇರಲಾರದು. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಮುಂದೆ ನಮ್ಮ ಕಡೆಗೆ ಹಬ್ಬಿದಾಗ ಹಿರಿಯರು ಊರು ತೆರವುಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇಲಿಯ ಚಿಗಟಿನಿಂದ ಹರಡುವ ಆ ರೋಗದ ಕಾರಣ ಬೇರೆ, ಆದರೂ ಬಯಲಿಗೆ ಹೊರಡುವ ಬುದ್ಧಿ ಈ ಸೀಮೆಗೆ ಹೊಸದಲ್ಲ.

ಹೊಟ್ಟೆಯ ದೃಷ್ಟಿ ಬೇರೆ. ಗಾಳಿಯಲ್ಲಿ ವೈರಾಣು ಚದುರಿಹೋಗುವ ಅದೇ ಬಯಲಿನಲ್ಲಿ ಧೂಳೂ ನೊಣವೂ ಇರುತ್ತವೆಯಾದ್ದರಿಂದ, ಬುಟ್ಟಿಯೊಳಗಿನ ಒಂದೊಂದು ಪದಾರ್ಥವನ್ನೂ ಪ್ರತ್ಯೇಕವಾಗಿ ವಿವೇಚಿಸಬೇಕು. ಕಟಕಟಿ ಒಣಗಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇವುಗಳಲ್ಲಿ ನೀರಿನಂಶ ತೀರ ಕಡಿಮೆಯಿರುವುದರಿಂದ ರೋಗಾಣುಗಳು ಬೆಳೆಯಲಾರವು. ಇವನ್ನು ನಿಶ್ಚಿಂತೆಯಿಂದ ತಿನ್ನಬಹುದು. ಎಣ್ಣೆಗಾಯಿ, ಝುಣಕ, ಕಾಳುಪಲ್ಯ ಇವು ಬೆಳಿಗ್ಗೆ ಮನೆಯಲ್ಲಿ ಕುದಿಸಿ ತಂದವಾದ್ದರಿಂದ ಮಧ್ಯಾಹ್ನ ಮೀರುವ ಮೊದಲೇ ಉಣ್ಣಿರಿ. ಮೂರು ಗಂಟೆಯ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ಪಲ್ಯಕ್ಕೆ ಆಸೆಪಡಬೇಡಿರಿ. ಮಣ್ಣಿನ ಗಡಿಗೆಯ ಗಟ್ಟಿ ಮೊಸರು ಕಾಸಿದ ಹಾಲಿಗೆ ಹೆಪ್ಪು ಹಾಕಿದ್ದಾದರೆ, ಅದರ ಹುಳಿಯೇ ಅದನ್ನು ಬಹುಮಟ್ಟಿಗೆ ಕಾಯುತ್ತದೆ. ಮಜ್ಜಿಗೆಯ ಮಾತು ಹಾಗಲ್ಲ, ಏಕೆಂದರೆ ಅದಕ್ಕೆ ಬೆರೆಸಿದ ನೀರು ಯಾವ ಕೊಡದ್ದೋ ತಿಳಿಯದು. ಮೊದಲೇ ಹೆಚ್ಚಿಟ್ಟ ಉಳ್ಳಾಗಡ್ಡಿ, ಸವತೆಕಾಯಿಗಳನ್ನು ಬಿಟ್ಟು, ಇಡಿಯ ಉಳ್ಳಾಗಡ್ಡಿಯನ್ನು ಕೇಳಿ ಪಡೆದು ಎದುರಿಗೇ ಸುಲಿಯಿರಿ. ಗರ್ಭಿಣಿಯಾದ ಗೆಳತಿಯು ರೊಟ್ಟಿ, ಪಲ್ಯ, ಚಟ್ನಿಪುಡಿಗಳನ್ನು ಉಣ್ಣಲಿ, ಮಜ್ಜಿಗೆಯನ್ನೂ ಹಸಿ ಸೊಪ್ಪನ್ನೂ ಬಿಡಲಿ, ಕುಡಿಯುವ ನೀರನ್ನು ಜೊತೆಗೇ ತರಲಿ. ಗರ್ಭಿಣಿಯರಿಗೂ ಕೋವಿಡ್ ಲಸಿಕೆ ಕೊಡಬಹುದೆಂದು ಕೇಂದ್ರ ಆರೋಗ್ಯ ಮಂತ್ರಾಲಯವು 2021ರ ಜುಲೈ 2ರಂದು ಅನುಮತಿ ನೀಡಿದೆ. ಆಕೆ ಇನ್ನೂ ಹಾಕಿಸಿಕೊಂಡಿರದಿದ್ದರೆ ಪ್ರವಾಸಕ್ಕಿಂತ ಮೊದಲು ಅದಾಗಲಿ.

ಕೇಳದಿದ್ದರೂ ಒಂದು ಮಾತು ಹೇಳಿಬಿಡುವೆನು. ಗುಹೆಗಳ ಮೆಟ್ಟಿಲ ಮೇಲೆ ತಿನಿಸಿನ ಚೀಲ ಬಿಚ್ಚಬೇಡಿರಿ. ಅಲ್ಲಿಯ ಮಂಗಗಳು ಕೈಯಲ್ಲಿದ್ದುದನ್ನು ಕಸಿದುಕೊಳ್ಳುವುದರಲ್ಲಿ ನಿಷ್ಣಾತವಾಗಿವೆ. ಕಚ್ಚಿದರೆ ಅಥವಾ ಪರಚಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸಿನ ಚುಚ್ಚುಮದ್ದನ್ನು ಆರಂಭಿಸತಕ್ಕದ್ದು. ಅರಿಸಿನ ಮೆತ್ತಿ ಸುಮ್ಮನಾಗತಕ್ಕದ್ದಲ್ಲ.

ಪ್ರಶ್ನೆ: ಹೈದರಾಬಾದಿನ ಅಳಿಯ, ಮಗಳು, ಮೊಮ್ಮಕ್ಕಳನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋಗಿ ದಾಸೋಹದ ಪ್ರಸಾದ ಮಾಡಿಸಬೇಕೆಂದಿದ್ದೇವೆ. ಹೋಗಬಹುದೇ? ದಾರಿಯಲ್ಲಿ ಅಮೀನಗಡದ ಕರದಂಟು ಕೊಡಿಸಬಹುದೇ? ಅಳಿಯನಿಗೆ ಸಕ್ಕರೆ ಇದೆ.
(ಓದುಗರು, ಹುನಗುಂದ)

ಉತ್ತರ: 2021ರ ಜುಲೈ 5ರ ಅಪ್ಪಣೆಯಲ್ಲಿ ದೇವಾಲಯಗಳಲ್ಲಿ ದರ್ಶನಕ್ಕೆ ಮಾತ್ರವೇ ಅನುಮತಿ ಕೊಟ್ಟಿದ್ದುದರಿಂದ ದಾಸೋಹದ ಪಂಕ್ತಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿರಿ. ಬುತ್ತಿ ಕಟ್ಟಿಕೊಂಡು ಹೋಗಿ, ಕೃಷ್ಣೆ ಮಲಪ್ರಭೆಯರು ಕೂಡುವ ಆ ದಂಡೆಯಲ್ಲಿ ಕುಳಿತು ಉಣ್ಣಿರಿ. ಬುತ್ತಿಗೆ ರೊಟ್ಟಿ, ಚಪಾತಿ, ಶೇಂಗಾ ಹೋಳಿಗೆ ಮೇಲು, ಅನ್ನ ಬೇಡ. ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷವು ಮತ್ತೆ ಕಾಯಿಸಿದರೂ ನಾಶವಾಗದೆ ವಾಂತಿ ಮಾಡಿಸುತ್ತದೆ. ಮಳೆಗಾಲದ ಹೊಳೆಗೆ ಮಕ್ಕಳನ್ನು ಇಳಿಸಬೇಡಿರಿ. ಕರದಂಟಿನಲ್ಲಿ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳಿರುವಂತೆ ಬೆಲ್ಲವೂ ಧಾರಾಳವಾಗಿರುವುದರಿಂದ ಅಳಿಯಂದಿರಿಗೆ ಒಂದು ತುಣುಕು ಸಾಕು. ಬೆಲ್ಲವಾದ್ದರಿಂದ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ನಿರಾಧಾರವಾದುದು.

ಪ್ರಶ್ನೆ: ಸೊಲ್ಲಾಪುರದಲ್ಲಿರುವ ನಮ್ಮ ತಮ್ಮನಿಗೆ ಮೇ ತಿಂಗಳದಾಗ ಕೊರೋನಾ ಆಗಿ, ಆಕ್ಸಿಜನ್ ಹಚ್ಚಿ, ಸ್ಟಿರಾಯ್ಡ್ ಕೊಟ್ಟು ಉಳಿಸಿದರು. ಈಗ ಮನೀಗೆ ಬರಾಕತ್ತಾನ. ವಾಸನಿನೂ ಗೊತ್ತಾಗೂದಿಲ್ಲ, ರುಚಿನೂ ಇಲ್ಲ ಅಂತಾನ. ಅವನಿಗೆ ಸಾವಜಿ ಊಟ ಅಂದ್ರ ಜೀವ, ಕರಕೊಂಡು ಹೋಗಬೇಕಂತೀವಿ. ಓಣ್ಯಾಗಿನ ಮಂದಿ ಅವನ ಬಾಜೂಕ ಕುಂಡ್ರಬ್ಯಾಡ್ರಿ ಅಂತಾರ. ನಮ್ಮದು ಮಗ್ಗದ ಮನಿ, ಮುಂದಿನ ಖೋಲ್ಯಾಗ ಕುಣಿಮಗ್ಗ ಐತಿ.
(ನೇಕಾರರ ಮನೆಯ ತಾಯಿ, ಇಳಕಲ್ಲು)

ಉತ್ತರ: ತಾಯೀ, ಮೊದಲು ಓಣಿಯವರ ಮಾತಿಗೆ ಉತ್ತರ ಹೇಳುವೆನು. ಕೊರೋನಾ ಸೌಮ್ಯವಾಗಿ ಬಂದವರು ಹತ್ತು ದಿನಗಳ ಮೇಲೆ, ಕಠಿಣವಾಗಿ ಬಂದವರು ಸಾಮಾನ್ಯವಾಗಿ ಇಪ್ಪತ್ತು ದಿನಗಳ ಮೇಲೆ, ರೋಗವನ್ನು ಇತರರಿಗೆ ಹರಡಲಾರರು. ಮೇ ತಿಂಗಳಲ್ಲಿ ಬಿದ್ದು ಎದ್ದ ತಮ್ಮನ ಪಕ್ಕದಲ್ಲಿ ಕೂರಲು ಅಂಜುವ ಜನ, ಲಸಿಕೆಯಿಲ್ಲದೆ ಸಂತೆಯಲ್ಲಿ ಮಾಸ್ಕು ಕೆಳಗಿಳಿಸಿ ಕೆಮ್ಮುವವನ ಪಕ್ಕದಲ್ಲಿ ಅಂಜದೆ ನಿಲ್ಲುತ್ತಾರೆ. ಭಯವೂ ವಿವೇಕವೂ ಒಂದೇ ದಾರಿ ಹಿಡಿಯುವುದು ಅಪರೂಪ.

ನಾಲಿಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ ಮೊದಲಾದ ಕೆಲವನ್ನು ಮಾತ್ರ. ಉಳಿದ ಸ್ವಾರಸ್ಯವೆಲ್ಲ ಮೂಗಿನದು. ಮೂಗಿನೊಳಗಿನ ಘ್ರಾಣನರಗಳಿಗೆ ಆಸರೆಯಾದ ಜೀವಕೋಶಗಳನ್ನು ಈ ವೈರಾಣು ಕೆಡಿಸುವುದರಿಂದ ವಾಸನೆ ಅಡಗುತ್ತದೆ. ಬಹುಪಾಲು ಜನರಿಗೆ ವಾರಗಳಲ್ಲಿ, ಕೆಲವರಿಗೆ ಅನೇಕ ತಿಂಗಳುಗಳಲ್ಲಿ ಅದು ಮರಳುತ್ತದೆ. ಲವಂಗ, ಲಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಅರ್ಧ ನಿಮಿಷದಷ್ಟು, ಅದರ ವಾಸನೆಯನ್ನು ನೆನಪುಮಾಡಿಕೊಳ್ಳುತ್ತ ಮೂಸುವ ಅಭ್ಯಾಸವನ್ನು ಮೂರು ನಾಲ್ಕು ತಿಂಗಳು ನಡೆಸಿದರೆ ಅನೇಕರಿಗೆ ಗುಣ ಕಂಡಿದೆ. ಖಾರದ ಉರಿ ಬೇರೊಂದು ನರದಿಂದ ತಿಳಿಯುವಂಥದಾದ್ದರಿಂದ ಸಾವಜಿ ಮಸಾಲೆಯ ಕಾವು ಅವನಿಗೆ ಗೊತ್ತಾದೀತು, ಆ ಉಲ್ಲಾಸಕ್ಕೆ ನಾನು ಅಡ್ಡಬರುವುದಿಲ್ಲ. ರುಚಿ ಹತ್ತಲಿಲ್ಲವೆಂದು ಮತ್ತಷ್ಟು ಉಪ್ಪು, ಎಣ್ಣೆ ಸುರಿದುಕೊಳ್ಳದಿರಲಿ. ಹಳಸಿದ ಮಾಂಸವನ್ನೂ ಗ್ಯಾಸಿನ ಸೋರಿಕೆಯನ್ನೂ ಅವನ ಮೂಗು ಹಿಡಿಯಲಾರದು, ಅದನ್ನು ಬೇರೆಯವರು ನೋಡಿಕೊಳ್ಳಬೇಕು. ಸ್ಟಿರಾಯ್ಡು ರಕ್ತದ ಸಕ್ಕರೆಯನ್ನು ಏರಿಸುವುದುಂಟು, ಆದಕಾರಣ ಊಟಕ್ಕೆ ಮೊದಲು ಒಮ್ಮೆ ಪರೀಕ್ಷೆಯಾಗಲಿ. ಮುಖದ ಒಂದೇ ಪಾರ್ಶ್ವದಲ್ಲಿ ನೋವು, ಕಣ್ಣಿನ ಬಾವು, ಮೂಗಿನಿಂದ ಕಪ್ಪು ಅಥವಾ ರಕ್ತಮಿಶ್ರಿತ ಸ್ರಾವ ಕಂಡರೆ, ಅದು ಕಪ್ಪು ಶಿಲೀಂಧ್ರವಿರಬಹುದಾದ್ದರಿಂದ ಒಂದು ದಿನವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಮಗ್ಗದ ಕೋಣೆಯಲ್ಲಿ ಅತಿಥಿಯನ್ನು ಮಲಗಿಸಬೇಡಿರಿ. ನೂಲಿನ ಧೂಳು ಈಗಷ್ಟೇ ಚೇತರಿಸಿಕೊಂಡ ಶ್ವಾಸಕೋಶಕ್ಕೆ ಹಿತವಲ್ಲ. ಉಣ್ಣಿಸುವುದಾದರೆ ಕಟ್ಟೆಯ ಮೇಲೆ, ಅಂಗಳದಲ್ಲಿ ಉಣ್ಣಿಸಿರಿ.

ಓದುಗರಲ್ಲಿ ಒಂದು ವಿಜ್ಞಾಪನೆ. ಊಟಕ್ಕೆ ಕರೆದ ದಿನ ಮನೆಯಲ್ಲಿ ಯಾರಿಗಾದರೂ ಜ್ವರವೋ ಗಂಟಲುನೋವೋ ಕಾಣಿಸಿದರೆ, ನಾಲ್ವರು ಏನೆಂದಾರೋ ಎಂದು ಮುಚ್ಚಿಡದೆ ಫೋನು ಮಾಡಿ ಊಟವನ್ನು ಮುಂದಕ್ಕೆ ಹಾಕಿರಿ; ಹೊರಟು ನಿಂತ ಅತಿಥಿಗಳೂ ಹಾಗೆಯೇ ಮಾಡತಕ್ಕದ್ದು. ಮುಂದಿನ ಸಂಚಿಕೆಗೆ ಪ್ರಶ್ನೆ ಬರೆಯುವವರು ತಮ್ಮ ವಯಸ್ಸು, ಇರುವ ರೋಗಗಳು, ನುಂಗುತ್ತಿರುವ ಮಾತ್ರೆಗಳ ಹೆಸರು, ಲಸಿಕೆ ಹಾಕಿಸಿಕೊಂಡ ದಿನಾಂಕ ಇಷ್ಟನ್ನು ತಪ್ಪದೆ ತಿಳಿಸಬೇಕು.