ಅಕ್ಕರೆ ಬೇರೆ, ಅತಿ ಕಾವಲು ಬೇರೆ

ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾಳೆ. ಮದುವೆಯಾಗಿ ಎಂಟು ವರ್ಷಕ್ಕೆ ಅವಳಿಗೆ ಮಗ ಹುಟ್ಟಿದ. ಒಬ್ಬನೇ ಮಗ. ಅವನೆಂದರೆ ಅವಳಿಗೆ ಜೀವ.

ಹುಡುಗ ಮರ ಹತ್ತುವ ಹಾಗಿಲ್ಲ. ಮಳೆಯಲ್ಲಿ ನೆನೆಯುವ ಹಾಗಿಲ್ಲ. ಹತ್ತು ವರ್ಷವಾದರೂ ಅವ್ವನೇ ತುತ್ತು ತಿನ್ನಿಸುತ್ತಿದ್ದಳು. ಶಾಲೆಯಲ್ಲಿ ಜಗಳವಾದರೆ ಅವ್ವನೇ ಹೋಗಿ ಕೇಳುತ್ತಿದ್ದಳು. ಅಂಗಡಿಗೆ ಕಳಿಸುತ್ತಿರಲಿಲ್ಲ. "ಚಿಲ್ಲರೆ ಲೆಕ್ಕ ತಪ್ಪಿದರೆ?" ಒಬ್ಬನನ್ನೇ ಬಸ್ಸು ಹತ್ತಿಸುತ್ತಿರಲಿಲ್ಲ. "ಎಲ್ಲಾದರೂ ತಪ್ಪಿಸಿಕೊಂಡರೆ?" ನಾವೂ ನೋಡಿ ಮೆಚ್ಚಿದೆವು. "ಸಾಕಿದರೆ ಹೀಗೆ ಸಾಕಬೇಕು ಕಣೆ" ಅಂದೆವು.

ಹುಡುಗ ಜಾಣ. ಪಿಯುಸಿ ಪಾಸಾದ. ಹಾಸನದಲ್ಲಿ ಕಾಲೇಜಿಗೆ ಸೇರಿದ. ಹಾಸ್ಟೆಲಿನಲ್ಲಿ ಇರಬೇಕಾಯಿತು. ಫೀಸು ಕಟ್ಟಲು ಸಾಲಿನಲ್ಲಿ ನಿಂತರೆ ಅವನಿಗೆ ಬಾಯಿ ಒಣಗುತ್ತಿತ್ತು. ಎದೆ ಡವಡವ ಅನ್ನುತ್ತಿತ್ತು. ದಿನಕ್ಕೆ ಹತ್ತು ಸಲ ಅವ್ವನಿಗೆ ಫೋನು ಮಾಡುತ್ತಿದ್ದ. ಒಂದು ಪರೀಕ್ಷೆಯಲ್ಲಿ ನಪಾಸಾದ. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದ. ಬಾಗಿಲು ಹಾಕಿಕೊಂಡು ಮಲಗಿದ. ಊಟ ಸೇರಲಿಲ್ಲ. ನಿದ್ದೆ ಬರಲಿಲ್ಲ. ಒಂದು ರಾತ್ರಿ "ನಾನು ಬದುಕಿ ಏನು ಪ್ರಯೋಜನ ಅವ್ವ?" ಅಂದ.

ಅಕ್ಕನಿಗೆ ಕೈಕಾಲೇ ಆಡಲಿಲ್ಲ. "ಗಾಳಿ ಸೋಕಿದೆ, ತಾಯತ ಕಟ್ಟಿಸು" ಅಂದರು ಕೆಲವರು. "ಮದುವೆ ಮಾಡು, ಸರಿಹೋಗ್ತಾನೆ" ಅಂದರು ಇನ್ನು ಕೆಲವರು. ನಮ್ಮೂರಿನ ಆಶಾ ಕಾರ್ಯಕರ್ತೆ ಮಾತ್ರ "ಆಸ್ಪತ್ರೆಗೆ ಹೋಗೋಣ ನಡಿಯಕ್ಕ" ಅಂದಳು. ಜಿಲ್ಲಾ ಆಸ್ಪತ್ರೆಗೆ ತಾನೇ ಜೊತೆಯಲ್ಲಿ ಹೋದಳು.

ಡಾಕ್ಟರು ಹುಡುಗನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

"ಇದು ಗಾಳಿ ಅಲ್ಲ. ಸೋಮಾರಿತನವೂ ಅಲ್ಲ. ಇದಕ್ಕೆ ಆತಂಕ, ಖಿನ್ನತೆ ಅಂತಾರೆ. ಜ್ವರದ ಹಾಗೆ ಇದೂ ಕಾಯಿಲೆ. ಚಿಕಿತ್ಸೆ ಇದೆ."

ಅಕ್ಕ ಕಣ್ಣೀರು ಹಾಕಿದಳು. "ನಾನು ಅಕ್ಕರೆಗೆ ಏನು ಕಮ್ಮಿ ಮಾಡಿದೆ ಸ್ವಾಮಿ?"

"ಅಕ್ಕರೆಗೆ ಕಮ್ಮಿ ಇಲ್ಲಮ್ಮ. ಈ ಕಾಯಿಲೆಗೆ ಒಂದೇ ಕಾರಣ ಅಂತಲೂ ಇಲ್ಲ. ತಪ್ಪೆಲ್ಲ ನಿಮ್ಮದು ಅಂದ್ಕೋಬೇಡಿ. ಆದರೆ ಅವನಿಗೆ ಬಂದ ಭಯವನ್ನೆಲ್ಲ ನೀವೇ ಓಡಿಸಿದಿರಿ. ಓಡಿಸೋದು ಹೇಗೆ ಅಂತ ಅವನು ಕಲೀಲಿಲ್ಲ."

ತಿಳಿದವರು ಏನು ಹೇಳುತ್ತಾರೆ?

1979ರಲ್ಲಿ ಆಸ್ಟ್ರೇಲಿಯಾ ದೇಶದ ಮನೋವೈದ್ಯ ಗೋರ್ಡನ್ ಪಾರ್ಕರ್ ಮತ್ತು ಜೊತೆಗಾರರು 25 ಮಾತುಗಳ ಒಂದು ಪಟ್ಟಿ ಮಾಡಿದರು. "ನಿಮಗೆ 16 ವರ್ಷ ಆಗುವವರೆಗೆ ನಿಮ್ಮ ತಾಯಿ ತಂದೆ ಹೇಗಿದ್ದರು?" ಎಂದು ದೊಡ್ಡವರನ್ನು ಕೇಳುವ ಪಟ್ಟಿ ಅದು. ಅದರಲ್ಲಿ ಎರಡು ಅಳತೆ. ಒಂದು ಅಕ್ಕರೆಯದು. ಇನ್ನೊಂದು ಅತಿ ಕಾವಲಿನದು. ಮುಂದೆ ಹಲವು ದೇಶಗಳಲ್ಲಿ ಈ ಪಟ್ಟಿಯನ್ನು ಬಳಸಿದರು. ಅತಿ ಕಾವಲಿನಲ್ಲಿ ಬೆಳೆದವರಲ್ಲಿ ಆತಂಕ, ಖಿನ್ನತೆ ಹೆಚ್ಚಾಗಿ ಕಂಡವು. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಅಕ್ಕರೆ ಮತ್ತು ಕಾವಲು ಒಂದೇ ಅಲ್ಲ ಎಂಬುದು ತಿಳಿಯಿತು. ಅಕ್ಕರೆಯನ್ನು ತುಂಬ ಕೊಡಬಹುದು. ಕಾವಲನ್ನು ವಯಸ್ಸಿಗೆ ತಕ್ಕಂತೆ ಸಡಿಲಿಸಬೇಕು.

ಹಾಗಾದರೆ ಮಕ್ಕಳನ್ನು ಹೇಗಾದರೂ ಬಿಟ್ಟುಬಿಡುವುದೇ? ಇಲ್ಲ. ಬಾವಿ, ಕರೆಂಟು, ಹಾವು, ಕೆಟ್ಟ ಜನ, ಇವು ಅಪಾಯ. ಇವುಗಳಿಂದ ಮಕ್ಕಳನ್ನು ಕಾಯಲೇಬೇಕು. ಮೊಣಕಾಲು ತರಚುವುದು, ಆಟದಲ್ಲಿ ಸೋಲುವುದು, ಚಿಲ್ಲರೆ ತಪ್ಪುವುದು, ಇವು ಅಪಾಯವಲ್ಲ. ಇವು ಪಾಠ. ಭಯಕ್ಕೆ ಹೆದರಿ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಸ್ವಲ್ಪ ಸ್ವಲ್ಪವೇ ಎದುರಿಸಿದರೆ ಕರಗುತ್ತದೆ.

ಡಾಕ್ಟರು ಹುಡುಗನಿಗೆ ಮಾತ್ರೆ ಕೊಟ್ಟರು. ಜೊತೆಗೆ ಸಣ್ಣ ಸಣ್ಣ ಕೆಲಸ ಹೇಳಿದರು. ಮೊದಲ ವಾರ ರಾಗಿ ಮಿಲ್ಲಿಗೆ ಒಬ್ಬನೇ ಹೋಗಬೇಕು. ಆಮೇಲೆ ಸಂತೆಗೆ. ಆಮೇಲೆ ಬಸ್ಸಿನಲ್ಲಿ ಹಾಸನಕ್ಕೆ. ಅವನು ಮಿಲ್ಲಿಗೆ ಹೊರಟ ದಿನ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಹಿಂದೆ ಹೋಗೋಣ ಅಂತ ಕಾಲು ಎಳೀತಿತ್ತು ಕಣ್ರೇ. ಹೋಗಲಿಲ್ಲ" ಅಂದಳು. ಹುಡುಗ ಬೆವರಿಕೊಂಡು ಬಂದ. ಆದರೆ ಹಿಟ್ಟು ತಂದಿದ್ದ. ಈಗ ಅವನು ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ. ಭಯ ಪೂರ್ತಿ ಹೋಗಿಲ್ಲ. ಭಯ ಬಂದರೂ ಬಸ್ಸು ಹತ್ತುತ್ತಾನೆ.

ನಾವು ಅಕ್ಷರ ಕಲಿತದ್ದನ್ನು ನೆನೆಯೋಣ. ಮೊದಲು ಟೀಚರು ಕೈ ಹಿಡಿದು ಬರೆಸಿದರು. ಆಮೇಲೆ ಕೈ ಬಿಟ್ಟರು. ನಮ್ಮ ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಬರೆದೆವು. ಅವರು ಕೈ ಬಿಡದೇ ಇದ್ದಿದ್ದರೆ ನಮಗೆ ರುಜು ಹಾಕಲು ಬರುತ್ತಿತ್ತೇ? ಮಕ್ಕಳ ಬಾಳೂ ಹಾಗೆಯೇ. ಹೆಣ್ಣುಮಕ್ಕಳಿಗೆ ಕಾವಲು ಇನ್ನೂ ಬಿಗಿ. ಅವರ ಕೈಯನ್ನೂ ಬಿಡೋಣ. ಹತ್ತಿರದಲ್ಲೇ ಇರೋಣ.

ನೆನಪಿಡೋಣ

ಯಾರಾದರೂ ಸಾಯುವ ಮಾತಾಡಿದರೆ ಹಗುರವಾಗಿ ಎಣಿಸಬಾರದು. ಅವರನ್ನು ಒಬ್ಬರನ್ನೇ ಬಿಡಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 14416 ನಂಬರಿಗೆ ಫೋನು ಮಾಡಬಹುದು. ಇದು ಸರಕಾರ 2022ರಲ್ಲಿ ತೆರೆದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಮಾತಾಡೋಣ

1. ಅಕ್ಕರೆಗೂ ಅತಿ ಕಾವಲಿಗೂ ಏನು ವ್ಯತ್ಯಾಸ?
2. ನಿಮ್ಮ ಮಗು ತಾನೇ ಮಾಡಬಲ್ಲ ಯಾವ ಕೆಲಸವನ್ನು ಇನ್ನೂ ನೀವೇ ಮಾಡುತ್ತಿದ್ದೀರಿ?
3. ಈ ವಾರ ಮಗುವಿಗೆ ಬಿಟ್ಟುಕೊಡುವ ಒಂದು ಕೆಲಸದ ಹೆಸರು ಬರೆಯಿರಿ.